ಮನೆಯಂಗಳದಲ್ಲೇ ಕಾರಿಗೆ ಹೆಡರ್ ಹಾಕುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಕಾರಿನ ಹುಚ್ಚಿನವರು ಕಡಿಮೆ ಏನಿಲ್ಲ. 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್ ಅನ್ನು ಇವತ್ತಿಗೂ ಜೋಪಾನ ಮಾಡುವವರಿದ್ದಾರೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದು ಅಡಿಕೆ ತೋಟದ ಮನೆಯಲ್ಲಿ ಟಾರ್ಪಾಲ್ ಹೊದಿಸಿಟ್ಟವರೂ ಇದ್ದಾರೆ. ಇವರೆಲ್ಲ ಇವತ್ತಲ್ಲ ನಾಳೆ ಹೆಡರ್ ಬಗ್ಗೆ ಕೇಳಿಯೇ ಕೇಳುತ್ತಾರೆ, ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹೊಸ ಹೆಡರ್ ಕೂರಿಸುವುದು ಅರ್ಧ ದಿನದ ಕೆಲಸ. ನಮ್ಮೂರ ಮಳೆ ತಿಂದ ಹಳೇ ನಟ್ಟುಗಳನ್ನು ಮುರಿಯದೆ ಬಿಚ್ಚುವುದೇ ಅಸಲಿ ಕೆಲಸ. ಕೆಳಗೆ ಆ ಭಾಗವೇ ಜಾಸ್ತಿ ಇರುವುದು ಅದಕ್ಕೇ.

ಹೆಡರ್ ಅಂದರೆ ಏನು? ಸೈಲೆನ್ಸರ್ ಬೇರೆ, ಇದು ಬೇರೆನಾ?

ಬೇರೆ. ಎಂಜಿನ್ನಿನ ಮೇಲ್ಭಾಗದಿಂದ, ಅಂದರೆ ಹೆಡ್‌ನಿಂದ, ಸುಟ್ಟ ಗಾಳಿ ಹೊರಬರುವ ಮೊದಲ ಭಾಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅನ್ನುತ್ತಾರೆ. ಕಂಪನಿಯವರು ಇದನ್ನು ಸಾಮಾನ್ಯವಾಗಿ ಬೀಡು ಕಬ್ಬಿಣದಲ್ಲಿ ಎರಕ ಹೊಯ್ದು ಮಾಡುತ್ತಾರೆ. ಅಗ್ಗ, ಗಟ್ಟಿ, ಸದ್ದು ಕಡಿಮೆ, ಬಿಸಿಯನ್ನೂ ಹಿಡಿದಿಡುತ್ತದೆ. ಆದರೆ ನಾಲ್ಕೂ ಸಿಲಿಂಡರಿನ ಗಾಳಿ ಗಿಡ್ಡ ದಾರಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ಹೋಗುತ್ತದೆ. ಈ ಮ್ಯಾನಿಫೋಲ್ಡ್ ಬದಲು ಹಾಕುವ ಪೈಪುಗಳ ಜೋಡಣೆಯೇ ಹೆಡರ್. ಹೆಡರ್‌ನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಪೈಪು. ಪೈಪಿನ ಉದ್ದ ಸರಿಯಾಗಿದ್ದರೆ ಒಂದು ಸಿಲಿಂಡರಿನಿಂದ ಹೊರಟ ಒತ್ತಡದ ಅಲೆಯ ಹಿಂದೆ ಒತ್ತಡ ಇಳಿಯುತ್ತದೆ. ಆ ಇಳಿತ ಮುಂದಿನ ಸಿಲಿಂಡರಿನ ವಾಲ್ವ್ ತೆರೆಯುವ ಹೊತ್ತಿಗೆ ತಲುಪಿದರೆ, ಅಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಲಾಭ ಏನಿದ್ದರೂ ಇಷ್ಟರಲ್ಲೇ.

ಸೈಲೆನ್ಸರ್ ಹಿಂದೆ ಇರುವುದು, ಸದ್ದು ಇಳಿಸುವುದಕ್ಕೆ. ಅದನ್ನು ಬದಲಾಯಿಸಿ ಹೆಡರ್ ಹಾಕಿದೆ ಅನ್ನುವವರೂ ಇದ್ದಾರೆ, ಏನು ಮಾಡೋದು.

ಎಷ್ಟು ಪವರ್ ಜಾಸ್ತಿ ಆಗುತ್ತೆ?

ನೀವು ಅಂದುಕೊಂಡಷ್ಟು ಆಗಲ್ಲ. ಟರ್ಬೊ ಇಲ್ಲದ ಒಂದೂವರೆ ಲೀಟರಿನ ಎಂಜಿನ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್ ಮಾಡಿಲ್ಲ, ಉಳಿದದ್ದೆಲ್ಲ ಸ್ಟಾಕ್ ಅಂದರೆ ಮೂರೋ ನಾಲ್ಕೋ ಹಾರ್ಸ್‌ಪವರ್ ಸಿಕ್ಕರೆ ಖುಷಿ ಪಡಿ. ಆ ಹಳೇ ಸಿಟಿ ವಿಟೆಕ್ ಕಂಪನಿಯಿಂದ ಬರುವಾಗಲೇ 106 ಬಿಎಚ್‌ಪಿ ಇತ್ತು. ಅದಕ್ಕೆ ಬರೀ ಹೆಡರ್‌ನಿಂದ 20 ಸೇರುತ್ತದೆ ಎಂದು ಮಾರುವವನು ಹೇಳಿದರೆ ನಕ್ಕು ಎದ್ದು ಬನ್ನಿ. ದೊಡ್ಡ ಎಂಜಿನ್, ವಿ6, ಕಂಪನಿ ಮ್ಯಾನಿಫೋಲ್ಡ್ ತೀರಾ ಇಕ್ಕಟ್ಟು ಇದ್ದರೆ ಲಾಭ ಇನ್ನಷ್ಟು ಇರುತ್ತದೆ. ಟ್ಯೂನ್ ಮಾಡಿಸಿದರೆ ಅದರ ಮೇಲೆ ಸ್ವಲ್ಪ.

ಹಾಗಾದರೆ ಯಾಕೆ ಹಾಕಬೇಕು? ನನ್ನ ಪ್ರಕಾರ ಮಧ್ಯದ ಆರ್‌ಪಿಎಂನಲ್ಲಿ ಎಂಜಿನ್ ಸ್ವಲ್ಪ ಹಗುರಾಗಿ ಏರುತ್ತದೆ, ಆಕ್ಸಿಲರೇಟರಿಗೆ ಬೇಗ ಸ್ಪಂದಿಸುತ್ತದೆ. ಘಾಟಿಯಲ್ಲಿ ಅದು ಗೊತ್ತಾಗುತ್ತದೆ. ಜೊತೆಗೆ ಕೈಯಾರೆ ಮಾಡಿದ ಖುಷಿ. ಇವೆರಡೂ ಬೇಡ ಅನ್ನುವವರು ಅದೇ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸಿ, ಮಳೆಗಾಲದಲ್ಲಿ ಅದರ ಉಪಯೋಗವೇ ಜಾಸ್ತಿ.

4-1 ಒಳ್ಳೇದಾ, 4-2-1 ಒಳ್ಳೇದಾ?

4-1 ಅಂದರೆ ನಾಲ್ಕೂ ಪೈಪು ಒಂದೇ ಕಡೆ ಕೂಡುತ್ತವೆ. 4-2-1 ಅಂದರೆ ಮೊದಲು ಎರಡೆರಡು ಸೇರಿ, ಆಮೇಲೆ ಒಂದಾಗುತ್ತವೆ. ಸಾಮಾನ್ಯ ನಾಲ್ಕು ಸಿಲಿಂಡರ್ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಹಾಗಾಗಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ. ಹೀಗೆ ಜೋಡಿಸಿದರೆ ಜೋಡಿಯೊಳಗಿನ ಎರಡು ಸಿಲಿಂಡರುಗಳ ನಡುವೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತಿನ ಅಂತರ ಸಿಗುತ್ತದೆ, ಒಬ್ಬರ ಗಾಳಿ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಕೊಳ್ಳುವಾಗ ಈ ಜೋಡಿ ಸರಿ ಇದೆಯಾ ನೋಡಿ. ಅಗ್ಗದ ಹೆಡರ್‌ಗಳಲ್ಲಿ ಪೈಪು ಬಗ್ಗಿಸಲು ಸುಲಭ ಅಂತ 1-2, 3-4 ಸೇರಿಸಿಬಿಟ್ಟಿರುತ್ತಾರೆ.

4-1 ಮೇಲಿನ ಆರ್‌ಪಿಎಂಗೆ, ಅಂದರೆ ಟ್ರ್ಯಾಕಿಗೆ. 4-2-1 ಮಧ್ಯದ ಟಾರ್ಕ್‌ಗೆ. ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ನೀವು ಎರಡನೇ ಗೇರಿನಲ್ಲಿ 2,000ದಿಂದ 3,500ರ ಮಧ್ಯೆ ಓಡಾಡುತ್ತಿರುತ್ತೀರಿ. ಮುಂದೆ ಬಸ್ಸು ಇದ್ದರೆ ಅದೂ ಇಲ್ಲ. ಹುಲಿಕಲ್ ಕಡೆಯೂ ಅದೇ ಕತೆ. 6,000ಕ್ಕೆ ಸಿಗುವ ಪವರನ್ನು ಅಲ್ಲಿ ಏನು ಮಾಡುತ್ತೀರಿ? ನಮ್ಮ ರಸ್ತೆಗೆ 4-2-1, ಅದರಲ್ಲಿ ಎರಡು ಮಾತಿಲ್ಲ.

ನನ್ನ ಕಾರಿಗೆ ಹಾಕಲು ಬರುತ್ತಾ?

ದುಡ್ಡು ಕೊಡುವ ಮೊದಲು ಬಾನೆಟ್ ತೆಗೆದು, ಟಾರ್ಚ್ ಹಿಡಿದು, ಮೂರು ವಿಷಯ ನೋಡಿಕೊಳ್ಳಿ.

ಮೊದಲನೇದು, ಮ್ಯಾನಿಫೋಲ್ಡ್ ಅನ್ನುವುದು ಬೇರೆ ಪಾರ್ಟ್ ಆಗಿ ಇದೆಯಾ ಅಂತ. ಹೋಂಡಾ ಸಿವಿಕ್‌ನ 1.8 ಲೀಟರ್ ಆರ್18 ಎಂಜಿನ್‌ನಲ್ಲಿ, ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐಯಲ್ಲಿ ಮ್ಯಾನಿಫೋಲ್ಡ್ ಹೆಡ್‌ನೊಳಗೇ ಎರಕವಾಗಿ ಬಂದಿದೆ. ಅಲ್ಲಿ ಬಿಚ್ಚಲು ಏನೂ ಇಲ್ಲ.

ಎರಡನೇದು, ಟರ್ಬೊ ಇದೆಯಾ. ಇದ್ದರೆ ನೀವು ಹುಡುಕುತ್ತಿರುವುದು ಹೆಡರ್ ಅಲ್ಲ, ಟರ್ಬೊ ನಂತರದ ಡೌನ್‌ಪೈಪ್. ಅದು ಬೇರೆಯೇ ಕತೆ, ಇಲ್ಲಿ ಬೇಡ.

ಮೂರನೇದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕ್ಯಾಟ್, ಎಲ್ಲಿದೆ? ಹಳೇ ಕೆಲವು ಕಾರುಗಳಲ್ಲಿ ಅದು ಸೀಟಿನ ಕೆಳಗೆ, ಮ್ಯಾನಿಫೋಲ್ಡ್‌ನಿಂದ ದೂರ ಇರುತ್ತದೆ. ಅಂಥ ಕಾರಿಗೆ ಹೆಡರ್ ಹಾಕಿದರೂ ಕ್ಯಾಟ್ ಇದ್ದಲ್ಲೇ ಉಳಿಯುತ್ತದೆ. ಹೊಸ ಕಾರುಗಳಲ್ಲಿ, ಅದರಲ್ಲೂ ಬಿಎಸ್4 ಮತ್ತು 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಕಾರುಗಳಲ್ಲಿ, ಕ್ಯಾಟ್ ಬೇಗ ಬಿಸಿಯಾಗಲಿ ಎಂದು ಅದನ್ನು ಹೆಡ್‌ಗೆ ಅಂಟಿಸಿದಂತೆ ಮ್ಯಾನಿಫೋಲ್ಡ್‌ಗೇ ವೆಲ್ಡ್ ಮಾಡಿರುತ್ತಾರೆ. ಟೊಯೊಟಾ 86 ಥರದ ಸ್ಪೋರ್ಟ್ಸ್ ಕಾರಿನಲ್ಲೂ ಮೊದಲ ಕ್ಯಾಟ್ ಮ್ಯಾನಿಫೋಲ್ಡ್‌ನಲ್ಲೇ ಇದೆ. ಅಲ್ಲಿ ಹೆಡರ್ ಹಾಕುವುದು ಅಂದರೆ ಕ್ಯಾಟ್ ಕಿತ್ತು ಹಾಕುವುದು ಅಂತಲೇ ಅರ್ಥ. ಮುಂದಿನ ಪ್ರಶ್ನೆ ಓದಿ.

ಕ್ಯಾಟ್ ತೆಗೆದರೆ ಏನಾಗುತ್ತೆ? ಯಾರು ನೋಡ್ತಾರೆ?

ಯಾರೂ ನೋಡಲ್ಲ ಅನ್ನುವ ಲೆಕ್ಕದಲ್ಲಿ ಮಾಡುವುದಾದರೆ ನನ್ನನ್ನು ಕೇಳಬೇಡಿ. ಕ್ಯಾಟ್ ಇಲ್ಲದ ಪೆಟ್ರೋಲ್ ಕಾರಿನ ಹೊಗೆ ಕಣ್ಣು ಉರಿಸುತ್ತದೆ, ಸಿಗ್ನಲ್‌ನಲ್ಲಿ ಪಕ್ಕದ ಬೈಕಿನವನಿಗೆ ಗೊತ್ತಾಗುತ್ತದೆ. ಎಮಿಷನ್ ಟೆಸ್ಟ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಂಕಿ ಮೇಲೆ ಹೋಗುತ್ತದೆ.

ಕಾನೂನು ಹೀಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ ಮತ್ತು ವಾಯು ಮಾಲಿನ್ಯಕ್ಕೆ 190ನೇ ಸೆಕ್ಷನ್ ಬೇರೆ ಇದೆ, ಅದರಲ್ಲಿ ದಂಡ 10,000ದವರೆಗೆ ಹೋಗುತ್ತದೆ.

ಕ್ಯಾಟ್ ಉಳಿಸಿಕೊಂಡು ಹೆಡರ್ ಹಾಕಿದರೂ ಅದು ಕಂಪನಿ ಪಾರ್ಟ್ ಅಲ್ಲ ಅನ್ನುವುದು ತಲೆಯಲ್ಲಿರಲಿ. ಕೆಎ 14 ಇರಲಿ, ಸಾಗರದ ಕೆಎ 15 ಇರಲಿ, ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೇದು. ಬರೀ ಟ್ರ್ಯಾಕಿಗೆ ಅಥವಾ ರ‍್ಯಾಲಿಗೆ ಇಟ್ಟ, ಟ್ರಕ್ಕಿನಲ್ಲಿ ಸಾಗಿಸುವ ಕಾರಿನ ನಿಯಮವೇ ಬೇರೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ಓಡುವ ಕಾರು ನೋಡಿ ಬಂದು ಮನೆ ಕಾರಿಗೂ ಹಾಗೇ ಮಾಡಬೇಡಿ.

ಕೆಳಗಿನದ್ದೆಲ್ಲ ಕ್ಯಾಟ್ ಇದ್ದಲ್ಲೇ ಉಳಿಯುತ್ತದೆ ಅಂದುಕೊಂಡೇ ಬರೆದದ್ದು.

ಯಾವ ಲೋಹದ್ದು ತಗೊಳ್ಳಲಿ?

ಮೈಲ್ಡ್ ಸ್ಟೀಲ್ ಅಗ್ಗ, ವೆಲ್ಡಿಂಗ್ ಸುಲಭ. ಬಿರುಕು ಬಿಟ್ಟರೆ ಊರಿನ ವೆಲ್ಡರೇ ಸರಿ ಮಾಡುತ್ತಾರೆ. ಆದರೆ ತುಕ್ಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮೂರು ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಬರೀ ಕಪ್ಪು ಪೇಂಟ್ ಹೊಡೆದ ಮೈಲ್ಡ್ ಸ್ಟೀಲ್ ಎಷ್ಟು ದಿನ ಬಾಳುತ್ತದೆ ಹೇಳಿ. ಪೇಂಟು ಮೊದಲ ವಾರವೇ ಸುಟ್ಟು ಹೋಗುತ್ತದೆ.

304 ಸ್ಟೇನ್‌ಲೆಸ್ ತುಕ್ಕಿಗೆ ಒಳ್ಳೇದು. ಅದಕ್ಕೂ ಒಂದು ಗುಣ ಇದೆ: ಬಿಸಿಯಾದಾಗ ಮೈಲ್ಡ್ ಸ್ಟೀಲ್‌ಗಿಂತ ಜಾಸ್ತಿ ಹಿಗ್ಗುತ್ತದೆ. ಅರ್ಧ ಮೀಟರ್ ಪೈಪು 500 ಡಿಗ್ರಿ ಏರಿದರೆ ಸುಮಾರು 4 ಮಿಲಿಮೀಟರ್ ಉದ್ದ ಆಗುತ್ತದೆ. ಆ 4 ಮಿಲಿಮೀಟರಿಗೆ ಜಾಗ ಇಲ್ಲದಿದ್ದರೆ ವೆಲ್ಡಿಂಗ್ ಸೀಳುತ್ತದೆ. ಅದಕ್ಕೇ ಕೆಳಗೆ ಫ್ಲೆಕ್ಸ್ ಜಾಯಿಂಟ್, ಅಂದರೆ ಬಾಗುವ ಜೋಡಣೆ, ಇರಲೇಬೇಕು.

ಲೋಹಕ್ಕಿಂತ ಮೊದಲು ಫ್ಲ್ಯಾಂಜ್ ನೋಡಿ, ಅಂದರೆ ಹೆಡ್‌ಗೆ ಕೂರುವ ಪಟ್ಟಿ. ದಪ್ಪ 8 ಮಿಲಿಮೀಟರಿಗಿಂತ ಕಡಿಮೆ ಬೇಡ. ಮೇಜಿನ ಗಾಜಿನ ಮೇಲೆ ಇಟ್ಟು ಅಲುಗಾಡಿಸಿ. ಕುಂಟುತ್ತಿದ್ದರೆ ಹಾಗೇ ಹಾಕಬೇಡಿ, ಮೆಷಿನ್ ಶಾಪಿಗೆ ಕೊಟ್ಟು ಫೇಸಿಂಗ್ ಮಾಡಿಸಿ. ಶಿವಮೊಗ್ಗ, ಮಾಚೇನಹಳ್ಳಿ, ಭದ್ರಾವತಿ ಅಂದರೆ ಕಬ್ಬಿಣದ ಕೆಲಸ ಗೊತ್ತಿರುವ ಊರುಗಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು. ಈ ಕೆಲಸಕ್ಕೆ ಬೆಂಗಳೂರಿಗೆ ಓಡುವ ಅಗತ್ಯ ಇಲ್ಲ.

ಹೊರದೇಶದಿಂದ ತರಿಸಬಹುದಾ?

ಬಹುದು, ಆದರೆ ಒಂದು ವಿಷಯ ಕೇಳಿಕೊಳ್ಳಿ. ಅಮೆರಿಕದಲ್ಲಿ ಮಾಡಿದ ಹೆಡರ್ ಎಡಗಡೆ ಸ್ಟೀರಿಂಗ್ ಇರುವ ಕಾರಿಗೆ ಅಳತೆ ಮಾಡಿದ್ದು. ನಮ್ಮದು ಬಲಗಡೆ. ಕೆಲವು ಕಾರುಗಳಲ್ಲಿ ಪೈಪು ಸೀದಾ ಸ್ಟೀರಿಂಗ್ ಶಾಫ್ಟಿಗೆ ತಾಗುತ್ತದೆ. ಜಪಾನ್, ಆಸ್ಟ್ರೇಲಿಯಾ, ಬ್ರಿಟನ್ ಬಲಗಡೆ ಸ್ಟೀರಿಂಗಿನ ದೇಶಗಳು, ಅಲ್ಲಿನವರು ಅದೇ ಹೆಡರ್ ಹಾಕಿದ್ದಾರಾ ನೋಡಿ. ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿದ ಮೇಲೂ ಮನಸ್ಸಿದ್ದರೆ ತರಿಸಿ.

ಯಾವ ತಿಂಗಳು ಈ ಕೆಲಸಕ್ಕೆ ಕೈ ಹಾಕಲಿ?

ಫೆಬ್ರವರಿಯಿಂದ ಮೇ ಮೊದಲ ವಾರದವರೆಗೆ. ನವೆಂಬರ್‌ನಿಂದ ಜನವರಿವರೆಗೆ ಅಂಗಳ ನಿಮ್ಮದಲ್ಲ, ಅಡಿಕೆಯದ್ದು. ಬೇಯಿಸಿ ಹರವಿದ ಅಡಿಕೆಯ ಪಕ್ಕ ಕಾರು ಬಿಚ್ಚಿ ತುಕ್ಕು ಉದುರಿಸಿದರೆ ಮನೆಯಲ್ಲಿ ಊಟ ಸಿಗುವುದು ಅನುಮಾನ. ಜೂನ್ ಮೇಲೆ ಜಿಟಿಜಿಟಿ ಮಳೆ, ಕೆಸರು, ಕಾರಿನ ಕೆಳಗೆ ಮಲಗಿದರೆ ಉಂಬಳ. ಎರಡೂ ಕೈ ಮೇಲೆ ಎತ್ತಿ ಸ್ಪ್ಯಾನರ್ ಹಿಡಿದಿರುವಾಗ ಕಾಲಿಗೆ ಉಂಬಳ ಹತ್ತಿದರೆ ಏನು ಮಾಡುತ್ತೀರಿ?

ಏನೇನು ಟೂಲ್ಸ್ ಬೇಕು?

ಒಳ್ಳೆ ಜಾಕ್, ಅದರ ಜೊತೆ ಸ್ಟ್ಯಾಂಡು. 10, 12, 14, 17ರ ಸಾಕೆಟ್‌ಗಳು, ಉದ್ದದವು ಕೂಡ. ಸಾಕೆಟ್ ಆರು ಮೂಲೆಯದ್ದೇ ಇರಲಿ, ಹನ್ನೆರಡು ಮೂಲೆಯದ್ದು ತುಕ್ಕು ತಿಂದ ನಟ್ಟನ್ನು ಉರುಟು ಮಾಡುತ್ತದೆ. ಎಕ್ಸ್‌ಟೆನ್ಷನ್, ತಿರುಗುವ ಜಾಯಿಂಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್. ಆಕ್ಸಿಜನ್ ಸೆನ್ಸರಿಗೆ (ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಇಸಿಯುಗೆ ಹೇಳುವುದು) ಪಕ್ಕದಲ್ಲಿ ಸೀಳಿರುವ 22ರ ಸಾಕೆಟ್. ವೈರ್ ಬ್ರಷ್, ತುಕ್ಕು ಸಡಿಲಿಸುವ ಎಣ್ಣೆ, ಆ್ಯಂಟಿ-ಸೀಜ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವುದು), ಹೊಸ ಗ್ಯಾಸ್ಕೆಟ್ (ಹೊಗೆ ಸೋರದಂತೆ ಮಧ್ಯೆ ಇಡುವುದು), ಹೊಸ ಸ್ಟಡ್ (ಹೆಡ್‌ಗೆ ತಿರುಗಿಸಿ ಕೂರಿಸುವ ತಲೆಯಿಲ್ಲದ ಬೋಲ್ಟ್) ಮತ್ತು ನಟ್. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ಚಾರ್ಜ್ ಆಗುವ ಹೆಡ್ ಟಾರ್ಚ್.

ಗ್ಯಾಸ್ಕೆಟ್ ಮತ್ತು ಸ್ಟಡ್ ಕೈಗೆ ಬರುವವರೆಗೆ ಒಂದು ನಟ್ಟನ್ನೂ ಮುಟ್ಟಬೇಡಿ. ಭಾನುವಾರ ಮಧ್ಯಾಹ್ನ ಕಾರು ಬಿಚ್ಚಿಟ್ಟು ಗ್ಯಾಸ್ಕೆಟ್ ಹುಡುಕಿದರೆ ಎಲ್ಲೂ ಸಿಗಲ್ಲ.

ಕಾರು ಎತ್ತಿ ಜಂಬಿಟ್ಟಿಗೆ ಮೇಲೆ ನಿಲ್ಲಿಸಬಹುದಾ?

ಬೇಡ. ಬೇಡವೇ ಬೇಡ. ಜಂಬಿಟ್ಟಿಗೆ ಗೋಡೆಗೆ ಒಳ್ಳೇದು. ಟನ್ ತೂಕ ಒಂದು ಮೂಲೆಗೆ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಹಾಗೇ. ಬರೀ ಜಾಕ್ ಮೇಲೂ ಬೇಡ. ಸ್ಟ್ಯಾಂಡ್ ಹಾಕಿ, ಅದರ ಕೆಳಗೆ ದಪ್ಪ ಮರದ ಹಲಗೆ ಕೊಡಿ, ಇಲ್ಲದಿದ್ದರೆ ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತು ಹೋಗುತ್ತದೆ. ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಕೆಳಗೆ ಹೋಗುವ ಮೊದಲು ಕಾರನ್ನು ಭುಜ ಕೊಟ್ಟು ಅಲುಗಾಡಿಸಿ ನೋಡಿ, ಬೀಳುವುದಿದ್ದರೆ ಆಗಲೇ ಬೀಳಲಿ. ಒಬ್ಬರೇ ಇರುವಾಗ ಈ ಕೆಲಸ ಮಾಡಬೇಡಿ.

ಹಳೇ ನಟ್ ಬಿಚ್ಚೋಕೆ ಆಗ್ತಾನೇ ಇಲ್ಲ. ಏನು ಮಾಡಲಿ?

ಅವಸರ ಮಾಡಬೇಡಿ, ಅಷ್ಟೇ. ಮ್ಯಾನಿಫೋಲ್ಡ್ ಪ್ರತಿದಿನ ನೂರಾರು ಡಿಗ್ರಿ ಬಿಸಿಯಾಗಿ ತಣ್ಣಗಾಗುತ್ತದೆ. ಜೊತೆಗೆ ನಮ್ಮ ತೇವ. ನಟ್ಟು ಮತ್ತು ಸ್ಟಡ್ ಒಂದೇ ಆಗಿಬಿಟ್ಟಿರುತ್ತವೆ.

ಶನಿವಾರ ಕೆಲಸ ಅಂದರೆ ಬುಧವಾರದಿಂದಲೇ ಎಣ್ಣೆ ಹೊಡೆಯಿರಿ. ದಿನಾ ಸಂಜೆ, ಎಂಜಿನ್ ತಣ್ಣಗಾದ ಮೇಲೆ, ಪ್ರತಿ ನಟ್ಟಿನ ಬುಡಕ್ಕೆ. ಹೊಡೆಯುವ ಮೊದಲು ವೈರ್ ಬ್ರಷ್‌ನಿಂದ ಹೊರಗೆ ಕಾಣುವ ಥ್ರೆಡ್ ಉಜ್ಜಿ. ಇದನ್ನು ತುಂಬಾ ಜನ ಮಾಡುವುದಿಲ್ಲ, ಆಮೇಲೆ ನಟ್ಟು ಅರ್ಧ ದಾರಿ ಬಂದು ಅದೇ ತುಕ್ಕಿಗೆ ಕಚ್ಚಿಕೊಳ್ಳುತ್ತದೆ. ಸಾದಾ ಡಬ್ಲ್ಯೂಡಿ-40 ನಡೆಯುತ್ತದೆ, ಆದರೆ ತುಕ್ಕಿಗೇ ಅಂತ ಮಾಡಿದ ಎಣ್ಣೆ ಇನ್ನೂ ಚೆನ್ನಾಗಿ ಇಳಿಯುತ್ತದೆ. ಎಣ್ಣೆ ಹೊಡೆದ ಎಂಜಿನ್ ಸ್ಟಾರ್ಟ್ ಮಾಡಿದಾಗ ಹೊಗೆ ಬರುತ್ತದೆ, ಹತ್ತಿರವೇ ನಿಂತಿರಿ.

ಕೆಲಸದ ದಿನ ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಸ್ಟಾರ್ಟರ್ ಮೋಟಾರಿನ ದಪ್ಪ ವೈರ್ ಹಲವು ಕಾರುಗಳಲ್ಲಿ ಪಕ್ಕದಲ್ಲೇ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ. ಹೀಟ್ ಶೀಲ್ಡ್ ತೆಗೆಯಿರಿ, ಅದರ ಹಿಂದೆ ಇಲಿ ಗೂಡು ಕಟ್ಟಿದ್ದರೆ ಆಶ್ಚರ್ಯ ಪಡಬೇಡಿ.

ಎಂಜಿನ್ ಸುಡುವಷ್ಟು ಬಿಸಿ ಇರುವಾಗ ಬೇಡ, ಬೆಚ್ಚಗಿರುವಾಗ ಶುರು ಮಾಡಿ. ನಟ್ಟಿಗೆ ಸಾಕೆಟ್ ಪೂರ್ತಿ ಕೂತಿದೆಯಾ ನೋಡಿ, ಬ್ರೇಕರ್ ಬಾರ್ ಹಾಕಿ ನಿಧಾನವಾಗಿ ಒತ್ತಿ. ಸ್ವಲ್ಪ ಅಲುಗಿದರೆ ಅಲ್ಲೇ ನಿಲ್ಲಿಸಿ ವಾಪಸ್ ಬಿಗಿ ಮಾಡಿ, ಎಣ್ಣೆ ಬಿಡಿ, ಮತ್ತೆ ಸಡಿಲ ಮಾಡಿ. ಹಿಂದೆ ಮುಂದೆ, ಹಿಂದೆ ಮುಂದೆ. ನಟ್ಟು ತಿರುಗುವಾಗ ಗಟ್ಟಿ ಕಿರುಗುಟ್ಟುವ ಸದ್ದು ಬಂದರೆ ಅದು ಬಿಡುತ್ತಿದೆ ಅಂತ. ಸದ್ದೇ ಇಲ್ಲದೆ ಮೆತ್ತಗೆ, ರಬ್ಬರಿನಂತೆ ತಿರುಗುತ್ತಿದೆ ಅಂದರೆ ಸ್ಟಡ್ ತಿರುಚಿಕೊಳ್ಳುತ್ತಿದೆ, ಇನ್ನೊಂದು ಸುತ್ತಿಗೆ ಮುರಿಯುತ್ತದೆ. ಕೈ ತೆಗೆಯಿರಿ.

ಅಲ್ಲಿಗೆ ಬಿಸಿ ಬೇಕು. ಸಣ್ಣ ಗ್ಯಾಸ್ ಟಾರ್ಚ್‌ನಿಂದ ನಟ್ಟನ್ನು ಮಾತ್ರ ಕಾಯಿಸಿ, ಸ್ಟಡ್ ಅನ್ನಲ್ಲ. ಸ್ವಲ್ಪ ಆರಿದ ಮೇಲೆ ಮೇಣದ ಬತ್ತಿ ಮುಟ್ಟಿಸಿ, ಕರಗಿದ ಮೇಣ ಥ್ರೆಡ್ ಒಳಗೆ ಇಳಿಯುತ್ತದೆ. ಹಳೇ ಮೆಕ್ಯಾನಿಕ್‌ಗಳ ಉಪಾಯ, ಕೆಲಸ ಮಾಡುತ್ತದೆ. ಆದರೆ ಎಣ್ಣೆ ಹೊಡೆದ ಜಾಗದಲ್ಲಿ ಬೆಂಕಿ ತರುವ ಮೊದಲು ಒರೆಸಿ. ಪೆಟ್ರೋಲ್ ಲೈನ್, ಬ್ರೇಕ್ ಲೈನ್, ವೈರಿಂಗ್ ಹತ್ತಿರ ಇದ್ದರೆ ಟಾರ್ಚ್ ಬೇಡವೇ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ ಇರಲಿ.

ಸ್ಟಡ್ ಮುರಿದೇ ಹೋಯ್ತು!

ಉಸಿರು ಬಿಡಿ, ಚಹಾ ಕುಡಿದು ಬನ್ನಿ. ತುಂಡು ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಬಿಸಿಗೇ ತುಕ್ಕು ಬಿಡುತ್ತದೆ, ನಟ್ಟು ಹಿಡಿದು ತಿರುಗಿಸಿದರೆ ಬರುತ್ತದೆ. ಕಾರಿನಲ್ಲಿ ಇರುವಾಗಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ಎರಡೂ ಕಡೆ ತೆಗೆದು, ಅರ್ಥ್ ಕ್ಲಿಪ್ ಅನ್ನು ಹತ್ತಿರದಲ್ಲೇ ಹಾಕಿಸಿ.

ಹೆಡ್‌ನ ಮಟ್ಟಕ್ಕೇ ಮುರಿದಿದ್ದರೆ ಸರಿಯಾಗಿ ಮಧ್ಯಕ್ಕೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಬೇಕು. ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಹೊರಗೆ ಬರುತ್ತದೆ. ಮುರಿದ ತುಂಡು ತೆಗೆಯಲು ಈಜಿ-ಔಟ್ ಅಂತ ಸಿಗುವುದನ್ನು ನಂಬಬೇಡಿ. ಅದು ತುಂಬಾ ಗಡುಸು ಉಕ್ಕು, ಒಳಗೆ ಮುರಿದರೆ ಯಾವ ಸಾದಾ ಡ್ರಿಲ್ಲೂ ಅದನ್ನು ಕೊರೆಯಲ್ಲ. ಹೆಡ್ ಅಲ್ಯೂಮಿನಿಯಂ, ಡ್ರಿಲ್ ಸ್ವಲ್ಪ ಜಾರಿದರೂ ಮೆತ್ತಗಿರುವ ಕಡೆಗೇ ಓಡುತ್ತದೆ. ಕೈಯಲ್ಲಿ ನೇರ ಕೊರೆಯುವ ಅಭ್ಯಾಸ ಇಲ್ಲದವರು ಇಲ್ಲಿಗೆ ನಿಲ್ಲಿಸಿ ಅನುಭವ ಇರುವ ಮೆಷಿನಿಸ್ಟ್ ಕರೆಸಿ. ಅದರಲ್ಲಿ ಅವಮಾನ ಏನಿಲ್ಲ.

ಆಕ್ಸಿಜನ್ ಸೆನ್ಸರ್ ಏನು ಮಾಡಬೇಕು?

ವೈರ್ ಕನೆಕ್ಟರ್ ಮೊದಲು ಬಿಡಿಸಿ, ಆಮೇಲೆ ಸೆನ್ಸರ್ ತಿರುಗಿಸಿ. ಕೆಳಗೆ ಬೀಳಿಸಬೇಡಿ, ಒಳಗೆ ಸೆರಾಮಿಕ್ ಇದೆ. ವಾಪಸ್ ಹಾಕುವಾಗ ಥ್ರೆಡ್‌ಗೆ ಮಾತ್ರ ಚೂರು ಆ್ಯಂಟಿ-ಸೀಜ್, ತುದಿಗೆ ತಾಗಬಾರದು. ಹೊಸ ಸೆನ್ಸರಾದರೆ ಸಾಮಾನ್ಯವಾಗಿ ಹಚ್ಚಿಕೊಂಡೇ ಬಂದಿರುತ್ತದೆ. ಬಿಗಿ ಸುಮಾರು 40 ನ್ಯೂಟನ್ ಮೀಟರ್.

ಹೆಡರ್ ಮಾಡಿಸುವಾಗಲೇ ಸೆನ್ಸರಿನ ತೂತು ಎಲ್ಲಿದೆ ನೋಡಿ. ಸೆನ್ಸರ್ ತುದಿ ಕೆಳಗೆ ಮುಖ ಮಾಡಿ, ಕನಿಷ್ಠ 10 ಡಿಗ್ರಿ ಓರೆಯಾಗಿ ಕೂರಬೇಕು. ಬೆಳಗಿನ ಚಳಿಗೆ ಪೈಪಿನೊಳಗೆ ನೀರು ಕಟ್ಟುತ್ತದೆ. ಅದು ಬಿಸಿ ಸೆನ್ಸರ್ ಮೇಲೆ ನಿಂತರೆ ಸೆರಾಮಿಕ್ ಸೀಳುತ್ತದೆ.

ಗ್ಯಾಸ್ಕೆಟ್ ಜೊತೆ ಸಿಲಿಕಾನ್ ಹಚ್ಚಲಾ? ಗ್ಯಾರೇಜಿನಲ್ಲಿ ಹಚ್ಚುತ್ತಾರೆ.

ಹಚ್ಚಬೇಡಿ. ಹೆಡ್ ಹತ್ತಿರ ಹೊಗೆ ಜೋರು ಓಟದಲ್ಲಿ 700 ಡಿಗ್ರಿ ದಾಟುತ್ತದೆ, ಸಿಲಿಕಾನ್ ಅಲ್ಲಿ ಉಳಿಯಲ್ಲ. ಸುಟ್ಟ ಸಿಲಿಕಾನ್ ಹೊಗೆ ಆಕ್ಸಿಜನ್ ಸೆನ್ಸರ್ ಅನ್ನೂ ಹಾಳು ಮಾಡುತ್ತದೆ. ಹೆಡ್‌ನ ಮುಖ ಚೆನ್ನಾಗಿ ಒರೆಸಿ. ಹಳೇ ಗ್ಯಾಸ್ಕೆಟ್ ಚೂರು ಕೆರೆಯುವಾಗ ಪೋರ್ಟ್‌ಗಳಿಗೆ ಬಟ್ಟೆ ತುರುಕಿ, ಆಮೇಲೆ ಆ ಬಟ್ಟೆ ತೆಗೆಯಲು ನೆನಪಿಡಿ. ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಸಿಕ್ಕರೆ ಅದನ್ನೇ ಹಾಕಿ. ಹಳೇ ಗ್ಯಾಸ್ಕೆಟ್ ಚೆನ್ನಾಗೇ ಕಂಡರೂ ಮತ್ತೆ ಬೇಡ.

ಎಷ್ಟು ಬಿಗಿ ಮಾಡಬೇಕು?

ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುವಷ್ಟು. ಎಂ8 (8 ಮಿಲಿಮೀಟರ್ ಥ್ರೆಡ್ಡಿನ) ನಟ್ಟಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್, ಅಂದರೆ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ನಮ್ಮವರಿಗೆ ಕೈಯಲ್ಲಿ ಬಲ ಇರುವವರೆಗೂ ತಿರುಗಿಸುವ ಅಭ್ಯಾಸ.

ಮೊದಲು ಹೆಡರ್ ಮೇಲಿಂದ ಇಳಿಯುತ್ತದಾ ಕೆಳಗಿಂದ ಏರುತ್ತದಾ ನೋಡಿ, ಕೆಲವು ಕಾರಿಗೆ ರೇಡಿಯೇಟರ್ ಫ್ಯಾನ್ ತೆಗೆಯಬೇಕಾಗುತ್ತದೆ. ಎಲ್ಲ ನಟ್ಟನ್ನೂ ಬೆರಳಲ್ಲೇ ತಿರುಗಿಸಿ, ಕೆಳಗಿನ ಫ್ಲ್ಯಾಂಜಿನ ಬೋಲ್ಟೂ ಸಡಿಲವಾಗೇ ಇರಲಿ. ಎಲ್ಲ ತನ್ನಷ್ಟಕ್ಕೆ ಕೂತ ಮೇಲೆ ಹೆಡ್ ಕಡೆಯಿಂದ ಬಿಗಿ ಮಾಡಿ. ಮಧ್ಯದಿಂದ ಶುರು, ಆಚೆ ಈಚೆ ಹೊರಗಡೆಗೆ, ಎರಡು ಮೂರು ಸುತ್ತಿನಲ್ಲಿ. ಕೊನೆಗೆ ಕೆಳಗಿನದ್ದು. ಫ್ಲ್ಯಾಂಜನ್ನು ಬೋಲ್ಟಿನಿಂದ ಎಳೆದು ಕೂರಿಸಬೇಕಾದ ಸ್ಥಿತಿ ಇದ್ದರೆ ಹೆಡರ್ ಅಳತೆಯೇ ತಪ್ಪು, ಅದು ಮುಂದೆ ಸೀಳುತ್ತದೆ.

ನೈಲಾನ್ ಇರುವ ನಟ್ ಬೇಡ, ಕರಗುತ್ತದೆ. ಸ್ಪ್ರಿಂಗ್ ವಾಷರ್ ಕೂಡ ಬಿಸಿಗೆ ಬಿರುಸು ಕಳೆದುಕೊಳ್ಳುತ್ತದೆ. ತಾಮ್ರ ಲೇಪದ ಎಕ್ಸಾಸ್ಟ್ ನಟ್ ಸಿಗುತ್ತವೆ, ಅವನ್ನೇ ಹಾಕಿ. ಒಂದಷ್ಟು ದಿನ ಓಡಿಸಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿದು ನೋಡಿ. ಅಲ್ಯೂಮಿನಿಯಂ ಹೆಡ್ ಒಂದು ಲೆಕ್ಕದಲ್ಲಿ ಹಿಗ್ಗುತ್ತದೆ, ಸ್ಟೀಲ್ ಇನ್ನೊಂದು ಲೆಕ್ಕದಲ್ಲಿ. ಒಂದೆರಡು ನಟ್ ಸಡಿಲ ಆಗಿಯೇ ಇರುತ್ತವೆ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ಬಂತು. ಗಾಬರಿ ಆಗಬೇಕಾ?

ಇಲ್ಲ. ಕೈ ಬೆರಳಿನ ಎಣ್ಣೆ, ಫ್ಯಾಕ್ಟರಿ ಎಣ್ಣೆ ಸುಡುತ್ತಿದೆ. ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುತ್ತದೆ. ಮೊದಲೇ ಥಿನ್ನರ್ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಹೊಗೆ ಕಡಿಮೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಬಳಸಬೇಡಿ, ಬಿಸಿಗೆ ವಿಷದ ಗಾಳಿ ಆಗುತ್ತದೆ. ಮುಖ್ಯವಾಗಿ, ಕೊಟ್ಟಿಗೆಯಲ್ಲೋ ಶೆಡ್ಡಿನಲ್ಲೋ ಬಾಗಿಲು ಹಾಕಿಕೊಂಡು ಸ್ಟಾರ್ಟ್ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಟಿಕ್ ಟಿಕ್ ಅಂತ ಸದ್ದು ಬರ್ತಿದೆ.

ಲೀಕ್. ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಕಡಿಮೆ ಆಗುತ್ತಿದ್ದರೆ ಖಂಡಿತ ಫ್ಲ್ಯಾಂಜಿನಲ್ಲೇ. ಎಂಜಿನ್ ಆಫ್ ಮಾಡಿ, ತಣ್ಣಗಿರುವಾಗ ಹಿಂದಿನ ಪೈಪಿಗೆ ಬ್ಲೋವರ್‌ನಿಂದ ಗಾಳಿ ಕೊಟ್ಟು, ಜಾಯಿಂಟ್‌ಗಳಿಗೆ ಸೋಪಿನ ನೀರು ಬಿಡಿ. ಗುಳ್ಳೆ ಬಂದ ಕಡೆ ಲೀಕ್. ಕೆಲವು ದಿನ ಓಡಿದ ಮೇಲಾದರೆ ಕಪ್ಪು ಮಸಿಯ ಗೆರೆಯೇ ಜಾಗ ತೋರಿಸುತ್ತದೆ.

ಚೆಕ್ ಎಂಜಿನ್ ಲೈಟ್ ಬಂತು, ಮೈಲೇಜೂ ಇಳಿದಿದೆ.

ಎರಡಕ್ಕೂ ಸಂಬಂಧ ಇದೆ. ಸೆನ್ಸರಿಗಿಂತ ಮುಂಚೆ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಪೆಟ್ರೋಲ್ ಕಡಿಮೆ ಆಯ್ತು ಅಂತ ತಿಳಿಯುತ್ತದೆ, ಇಸಿಯು ಸುಮ್ನೆ ಜಾಸ್ತಿ ಸುರಿಯುತ್ತದೆ. ಕಾರಿನ ದೋಷದ ಕೋಡ್ ಓದುವ ಒಬಿಡಿ ರೀಡರ್ ಹಾಕಿ ನೋಡಿ. ಪಿ0171, ಅಂದರೆ ಪೆಟ್ರೋಲ್ ಕಡಿಮೆ ಅನ್ನುವ ಕೋಡ್, ಇದ್ದರೆ ಲೀಕ್ ಹುಡುಕಿ. ಪಿ0420 ಅಂದರೆ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಕ್ಯಾಟ್ ಹಳೇದಾಗಿರಬಹುದು, ಆದರೆ ಮೊದಲು ಲೀಕ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ಹೆಡರ್‌ಗೆ ಬಟ್ಟೆ ಸುತ್ತಬೇಕಾ? ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ.

ಒಣ ಊರಿನ ಟ್ರ್ಯಾಕ್ ಕಾರಿಗೆ ಸರಿ. ಬಾನೆಟ್ ಒಳಗಿನ ಬಿಸಿ ಕಡಿಮೆ ಮಾಡುತ್ತದೆ ಅನ್ನುವುದು ನಿಜ. ಆದರೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸುತ್ತು ನೀರು ಹೀರಿಕೊಂಡು ಪೈಪಿಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ವಾರಕ್ಕೊಮ್ಮೆ ಹೊರತೆಗೆಯುವ ಕಾರಾದರೆ ಮೈಲ್ಡ್ ಸ್ಟೀಲ್ ಒಳಗಿಂದೊಳಗೇ ತೂತಾಗುತ್ತದೆ, ನಿಮಗೆ ಕಾಣುವುದೂ ಇಲ್ಲ. ಬಿಸಿ ತಡೆಯಲೇಬೇಕಿದ್ದರೆ ಸೆರಾಮಿಕ್ ಕೋಟಿಂಗ್ ಮಾಡಿಸಿ. ಇಲ್ಲದಿದ್ದರೆ ಕಂಪನಿಯ ಹೀಟ್ ಶೀಲ್ಡನ್ನೇ ಸ್ವಲ್ಪ ಬಗ್ಗಿಸಿ ವಾಪಸ್ ಹಾಕಿ.

ಹಾಕಿದ ಮೇಲೆ ಓಡಿಸುವಾಗ ಏನು ನೋಡಿಕೊಳ್ಳಬೇಕು?

ನೆಲದಿಂದ ಎತ್ತರ. ಕಲೆಕ್ಟರ್ (ಪೈಪುಗಳೆಲ್ಲ ಕೂಡುವ ಜಾಗ) ಕೆಳಗೆ ಜೋತಿದ್ದರೆ ರಸ್ತೆಯ ಹಂಪಿಗೂ ತೋಟದ ದಾರಿಯ ಕಲ್ಲಿಗೂ ಅದೇ ಮೊದಲು ಸಿಗುತ್ತದೆ. ಪೆಟ್ಟು ಬಿದ್ದರೆ ಪೈಪು ನೆಗ್ಗುವುದು ಮಾತ್ರವಲ್ಲ, ಎಳೆತ ಸೀದಾ ಹೆಡ್‌ನ ಸ್ಟಡ್‌ಗೆ ಹೋಗುತ್ತದೆ.

ಇನ್ನೊಂದು, ಮಾರ್ಚ್ ಏಪ್ರಿಲ್‌ನಲ್ಲಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು. ಒಣಗಿದ ದರಗು, ಅಡಿಕೆ ಸೋಗೆ ಮೇಲೆ ಬಿಸಿ ಕಾರು ನಿಲ್ಲಿಸಬೇಡಿ. ಬೀಡು ಮ್ಯಾನಿಫೋಲ್ಡ್‌ಗಿಂತ ತೆಳು ಪೈಪಿನ ಹೊರಮೈ ಬೇಗ ಕಾಯುತ್ತದೆ, ಶೀಲ್ಡ್ ಬೇರೆ ತೆಗೆದಿರುತ್ತೀರಿ. ಕಾಡಂಚಿನಲ್ಲಿ ಬೆಂಕಿ ಹತ್ತಿದರೆ ಕಾರಿನ ಜೊತೆ ಗುಡ್ಡವೂ ಹೋಗುತ್ತದೆ.

ಸದ್ದು ಎಷ್ಟು ಜಾಸ್ತಿ ಆಗುತ್ತೆ?

ಸೈಲೆನ್ಸರ್ ಕಂಪನಿಯದ್ದೇ ಇದ್ದರೆ ಜಾಸ್ತಿ ಏನಿಲ್ಲ. ತೆಳು ಪೈಪಾದ್ದರಿಂದ ಬಾನೆಟ್ ಕಡೆಯಿಂದ ಸ್ವಲ್ಪ ಲೋಹದ ಸದ್ದು ಕೇಳುತ್ತದೆ. ಹಾಗೇ ಇರಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರ, ಮುಂದೆ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಅಲ್ಲಿ ಗುಂಯ್ ಅನ್ನಿಸಿಕೊಂಡು ಹೋಗುವುದರಲ್ಲಿ ಏನು ದೊಡ್ಡಸ್ತಿಕೆ ಇದೆಯೋ ನನಗಂತೂ ಅರ್ಥ ಆಗಿಲ್ಲ. ಪೊಲೀಸರು ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸುವ ಫೋಟೋ ಪೇಪರಿನಲ್ಲಿ ನೋಡಿರುತ್ತೀರಿ, ಅಲ್ವಾ.

ಇನ್ಶೂರೆನ್ಸ್‌ಗೆ ಹೇಳಬೇಕಾ?

ಹೇಳಿ, ಬರಹದಲ್ಲಿ. ಹೇಳದೆ ಮಾಡಿದ ಬದಲಾವಣೆ ಕ್ಲೇಮ್ ಹೊತ್ತಿನಲ್ಲಿ, ಅದರಲ್ಲೂ ಎಂಜಿನ್ ಬೆಂಕಿಯ ಕ್ಲೇಮ್ ಆದರೆ, ನಿಮ್ಮ ವಿರುದ್ಧವೇ ನಿಲ್ಲಬಹುದು.

ಹಳೇ ಮ್ಯಾನಿಫೋಲ್ಡ್ ಗುಜರಿಗೆ ಹಾಕಲಾ?

ಹಾಕಬೇಡಿ. ಹಳೇ ಸ್ಪೋರ್ಟ್ಸ್ ಕಾರಿನ ಪಾರ್ಟ್ ಆಮೇಲೆ ಹುಡುಕಿದರೂ ಸಿಗುವುದಿಲ್ಲ, ಕಾರು ಮಾರುವಾಗ ಕೊಳ್ಳುವವನು ಮೊದಲು ಕೇಳುವುದೇ ಅದನ್ನು. ಆರ್‌ಟಿಓದವರು ವಾಪಸ್ ಹಾಕಿ ಬನ್ನಿ ಅಂದರೂ ಬೇಕು. ತುಕ್ಕು ಉಜ್ಜಿ, ಹಳೇ ಎಂಜಿನ್ ಆಯಿಲ್ ಸವರಿ, ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಹೀಟ್ ಶೀಲ್ಡ್ ಮತ್ತು ಅದರ ಸಣ್ಣ ಬೋಲ್ಟುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ ಅದಕ್ಕೇ ಕಟ್ಟಿಡಿ. ಆ ಬೋಲ್ಟುಗಳೇ ಕಳೆದುಹೋಗುವುದು.